ಎ.ಸಿ.ಯ ಹೊಟ್ಟೆಯೊಳಗಿನ ಮಳೆಗಾಲ

ಎ.ಸಿ.ಯ ಮುಂದಿನ ಮುಚ್ಚಳವನ್ನು ನಮ್ಮಂಥವರೂ ಕೈಯಿಂದ ತೆರೆಯಬಹುದು ಎಂಬುದು ಐವತ್ತು ದಾಟುವವರೆಗೂ ನನಗೆ ಗೊತ್ತಿರಲಿಲ್ಲ. ಗೋಡೆಯ ಮೇಲೆ ಅಷ್ಟೆತ್ತರದಲ್ಲಿ, ಅಷ್ಟು ಬೆಳ್ಳಗೆ, ಅಷ್ಟು ಗಂಭೀರವಾಗಿ ಕುಳಿತದ್ದನ್ನು ಕಂಡು, ಅದು ಗರ್ಭಗುಡಿಯಂಥದ್ದು, ಒಳಹೋಗುವ ಅಧಿಕಾರವುಳ್ಳವರು ಬೇರೆ ಇದ್ದಾರೆ ಎಂದುಕೊಂಡಿದ್ದೆ. ಎರಡು ಬದಿಗೆ ಬೆರಳಿಟ್ಟು ಮೆಲ್ಲನೆ ಎತ್ತಿದರೆ ಟಿಫಿನ್ ಡಬ್ಬಿಯ ಹಾಗೆ ತೆರೆದುಕೊಳ್ಳುತ್ತದೆ! ಈ ಸತ್ಯ ಗೊತ್ತಾದ ದಿನದಿಂದ ಕಂಡಕಂಡವರಿಗೆಲ್ಲ ಇದನ್ನು ಹೇಳುತ್ತಿದ್ದೇನೆ. ಕೋಟದ ಬಸ್‌ ಸ್ಟಾಪಿನಲ್ಲಿ ಪರಿಚಯವೇ ಇಲ್ಲದ ಒಬ್ಬರಿಗೆ ಹೇಳಿ, ಅವರು ತಮ್ಮದಲ್ಲದ ಬಸ್ಸು ಹತ್ತಿ ತಪ್ಪಿಸಿಕೊಂಡದ್ದೂ ಉಂಟು. ಈಗ ನೀವು ಸಿಕ್ಕಿದ್ದೀರಿ.

ನಾನು ಧೈರ್ಯವಂತನೇನಲ್ಲ. ಚಿಂತೆ ಮಾಡುವುದು ನನ್ನ ನಿಜವಾದ ಕಸುಬು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವುದು ಉಪಕಸುಬು. ಹೆದ್ದಾರಿಯಲ್ಲಿ ಆಂಬುಲೆನ್ಸ್ ಕೂಗಿದರೆ ಮನೆಯವರೆಲ್ಲ ಮನೆಯಲ್ಲಿದ್ದಾರೋ ಎಂದು ನೋಡುತ್ತೇನೆ. ಎಲ್ಲರೂ ಇದ್ದರೆ, ಇವರೆಲ್ಲ ಒಟ್ಟಿಗೇ ಮನೆಯಲ್ಲಿ ಯಾಕಿದ್ದಾರೆ ಎಂದು ಯೋಚನೆಯಾಗುತ್ತದೆ. ಇಂಥವನು ಕರೆಂಟಿನ ಯಂತ್ರದೊಳಗೆ, ಅದೂ ನೀರು ಹಿಡಿದುಕೊಂಡು, ಕೈ ಹಾಕಬೇಕಾದರೆ ಕಾರಣ ಗಟ್ಟಿಯಾಗಿರಲೇಬೇಕು. ಕಾರಣದ ಹೆಸರು ಅಕ್ಷತಾ, ನಮ್ಮ ಒಬ್ಬಳೇ ಮಗಳು.

ಮೊದಲ ಹೆರಿಗೆಗೆ ಅವಳು ತಲ್ಲೂರಿನ ನಮ್ಮ ಮನೆಗೆ ಬಂದಿದ್ದಳು. ಪಿಯುಸಿ ಮುಗಿಸಿ ಹಾಸ್ಟೆಲಿಗೆ ಹೋದವಳು, ಅಲ್ಲಿಂದ ಕೆಲಸಕ್ಕೆ, ಕೆಲಸದಿಂದ ಮದುವೆಗೆ ಹೋದಳು. ನಡುವೆ ನಮ್ಮನೆಗೆ ಬರುತ್ತಿದ್ದದ್ದೆಲ್ಲ ಬಸ್ಸು ಕುಂದಾಪುರದಲ್ಲಿ ನಿಲ್ಲುವ ಹಾಗೆ: ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಹೊರಟಿತು. ಈಗ ಮಾತ್ರ ಬಾಣಂತನವೂ ಸೇರಿ ತಿಂಗಳುಗಟ್ಟಲೆ ಇರುವವಳು. ನನಗೂ ಹೆಂಡತಿ ಸುಜಾತಾಗೂ ಇದು ಎಂಥ ಹಬ್ಬ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಮ್ಮೆ ಹೀಗೆ ಉಳಿಯುವುದು ಯಾವ ಕಾಲಕ್ಕೋ!

ಆದರೆ ಏಪ್ರಿಲ್ ತಿಂಗಳು. ನಮ್ಮೂರಿನ ಏಪ್ರಿಲ್ಲಿನಲ್ಲಿ ಗಾಳಿ ಬೀಸುವುದಿಲ್ಲ, ಅಂಟುತ್ತದೆ. ಎಂಟು ತಿಂಗಳು ತುಂಬಿದ ಬಸುರಿ ಹುಡುಗಿ ಎ.ಸಿ. ಕೋಣೆಯಲ್ಲಿ ಮಲಗಲಿ ಎಂದು ಹಾಸಿಗೆಗೆ ಹೊಸ ಹೊದಿಕೆ ಹಾಕಿ ಗುಂಡಿ ಒತ್ತಿದೆವು. ಮೂರನೆಯ ದಿನ ಬೆಳಿಗ್ಗೆ ಅವಳು ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು.

"ಅಪ್ಪಯ್ಯ, ಬೇಜಾರ್ ಮಾಡ್ಕಣ್ಬೇಡಿ. ಈ ರೂಮಲ್ಲ್ ನಂಗ್ ಮನ್ಕಂಬುಕೆ ಆತಿಲ್ಲೆ. ಎ.ಸಿ. ಹಾಕ್ರೆ ಒಣ ಚಟ್ಲಿ ವಾಸ್ನಿ ಬತ್ತ್. ಹಾಕ್ದಿರ್ ಸೆಕಿ. ಸಂಜಿಗ್ ಇವ್ರ್ ಕಾರ್ ತಕಂಡ್ ಬತ್ರ್, ಬ್ರಹ್ಮಾವರಕ್ ಹೋತೆ."

"ಚಟ್ಲಿ ವಾಸ್ನಿಯಾ? ನಂಗೆಂತ ಬತ್ತಿಲ್ಲೆ ಮಗಾ!" ಎಂದಳು ಸುಜಾತಾ.

"ನಿಂಗ್ ಬತ್ತಿಲ್ಲೆ ಅಮ್ಮ. ನೀನ್ ಅದ್ರಲ್ಲೇ ಹುಟ್ಟಿದ್ದ್."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಇಲ್ಲಿ ನಿಮಗೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಬೇಸಿಗೆಯಲ್ಲಿ ಎ.ಸಿ. ಕೋಣೆ ಮನುಷ್ಯರದ್ದು, ಮಳೆಗಾಲದಲ್ಲಿ ವಸ್ತುಗಳದ್ದು. ಜೂನಿನಿಂದ ನಮ್ಮಲ್ಲಿ ಯಾವುದೂ ಒಣಗುವುದಿಲ್ಲ, ಒಣಗಿದ್ದೂ ಒದ್ದೆಯಾಗುತ್ತದೆ. ಆಗ ಈ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಹರವುತ್ತೇವೆ. ಮಂಚದ ಮೇಲೆ ಹಪ್ಪಳ, ಸಂಡಿಗೆ. ಕುರ್ಚಿಯ ಮೇಲೆ ಮೊರದಲ್ಲಿ ಒಣ ಚಟ್ಲಿ, ಅಂದರೆ ಬೇಸಿಗೆಯಲ್ಲಿ ಒಣಗಿಸಿಟ್ಟ ಸೀಗಡಿ. ಎ.ಸಿ. ಹಾಕಿ ಬಾಗಿಲೆಳೆದುಕೊಂಡು ನಾವು ಹೊರಗೆ ಸೊಳ್ಳೆಯ ಜತೆ ಮಲಗುತ್ತೇವೆ. ಕರೆಂಟು ಬಿಲ್ಲು ನಮ್ಮದು, ತಂಪು ಚಟ್ಲಿಯದು. ಈ ಉಪಾಯ ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ, ಆದರೆ ನಮ್ಮ ಸುತ್ತಿನ ಎ.ಸಿ. ಇರುವ ಮನೆಗಳಲ್ಲೆಲ್ಲ ನಡೆದುಬಂದಿದೆ.

ರಿಪೇರಿಯ ರಾಘುವಿಗೆ ಫೋನು ಮಾಡಿದೆ.

"ಸರ್, ಈಗ ಬಪ್ಪುಕೆ ಆತಿಲ್ಲೆ ಕಾಣಿ. ಬೈಂದೂರಂಗ್ ಇದ್ದೆ. ಸೆಕಿಗ್ ಎಲ್ಲರ್ ಮನಿ ಎ.ಸಿ.ಯೂ ಒಟ್ಟಿಗೇ ಹಾಳಾಯ್ತ್. ಈ ವಾರ ಕಳೀಲಿ."

ಈ ವಾರ ಕಳೆಯುವವರೆಗೆ ಸಂಜೆಯ ಕಾರು ಕಾಯುತ್ತದೆಯೇ? ಬ್ಯಾಗಿನ ಜಿಪ್ಪು ಎಳೆದ ಸದ್ದು ಕೇಳಿಸಿತು. ಬ್ರಹ್ಮಾವರದ ಅಳಿಯನ ಮನೆಯಲ್ಲಿ ಅವಳಿಗೆ ಏನೂ ಕಡಿಮೆಯಿಲ್ಲ, ಅದೇ ನನಗೆ ದೊಡ್ಡ ಚಿಂತೆ. ಕಡಿಮೆಯಿದ್ದಿದ್ದರೆ ತಾನಾಗಿ ವಾಪಸು ಬರುತ್ತಿದ್ದಳು. ಒಮ್ಮೆ ಹೋದರೆ ಹೆರಿಗೆಯೂ ಅಲ್ಲೇ, ಬಾಣಂತನವೂ ಅಲ್ಲೇ. ನಾವಿಬ್ಬರು ಹಣ್ಣಿನ ಚೀಲ ಹಿಡಿದುಕೊಂಡು ನೆಂಟರ ಹಾಗೆ ಹೋಗಿ, ಮಗುವಿನ ಕಾಲು ಮುಟ್ಟಿ, ಕಾಫಿ ಕುಡಿದು ಬರುವುದು.

ಮೇನ್ ಆಫ್ ಮಾಡಿದೆ. ಮಾಡಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡಿದೆ. ಸುಜಾತಾಳನ್ನೂ ಕಳಿಸಿ ನೋಡಿಸಿದೆ. ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿಕೊಂಡು ಸ್ಟೂಲು ಹತ್ತಿ ಮುಚ್ಚಳ ಎತ್ತಿದೆ. ಆಮೇಲಿನದ್ದು ನಿಮಗೆ ಹೇಳಿಯಾಯಿತು. ಟಿಫಿನ್ ಡಬ್ಬಿ!

ಜಾಳಿಗೆಯಂಥ ಎರಡು ಫಿಲ್ಟರುಗಳನ್ನು ಜಾರಿಸಿ ತೆಗೆದ ಮೇಲೆ ಹಿಂದೆ ಕಂಡದ್ದು ಕಾಯಿಲ್. ತಾಮ್ರದ ಕೊಳವೆಗಳಿಗೆ ಅಂಟಿಕೊಂಡು ಸಾಲಾಗಿ ನಿಂತ ಅಲ್ಯೂಮಿನಿಯಮ್ಮಿನ ತೆಳ್ಳಗಿನ ರೆಕ್ಕೆಗಳು. ನೀರ್ದೋಸೆಯೂ ಅವುಗಳ ಮುಂದೆ ದಪ್ಪ. ಹಾಗೆಂದು ಪುಸ್ತಕದಲ್ಲಿ ಓದಿಕೊಳ್ಳಬೇಕು, ಯಾಕೆಂದರೆ ನಮ್ಮ ಕಾಯಿಲ್‌ನಲ್ಲಿ ರೆಕ್ಕೆ ಕಾಣುತ್ತಲೇ ಇರಲಿಲ್ಲ. ಬೂದು ಕಂಬಳಿ ಹೊದ್ದು ಮಲಗಿದ್ದವು. ನಾನು ಆ ಕಂಬಳಿಯನ್ನು ಉಗುರಿನಿಂದ ಒಂಚೂರು ಎತ್ತಿದೆ. ಒಳಗೆ ನನ್ನ ನೀಲಿ ಲುಂಗಿಯ ನೂಲು ಗುರುತು ಸಿಕ್ಕಿತು. ಏನು ಹೇಳಲಿ ನಿಮಗೆ, ಹಳೆಯ ಊರೊಂದನ್ನು ಅಗೆದು ತೆಗೆದವನಿಗೆ ಆಗುವ ರೋಮಾಂಚನ!

ಇಷ್ಟು ಕೊಳೆ ಅಲ್ಲಿಗೇ ಹೋಗಿ ಯಾಕೆ ಕೂರುತ್ತದೆ? ಇದರಲ್ಲೊಂದು ಚೆಂದದ ವಿಚಾರವಿದೆ. ಮಿಂದು ಬಂದು ಫ್ಯಾನಿನ ಕೆಳಗೆ ನಿಂತರೆ ಚಳಿಯಾಗುವುದಿಲ್ಲವೇ? ಮೈಮೇಲಿನ ನೀರು ಆವಿಯಾಗುವಾಗ ನಮ್ಮ ಬಿಸಿಯನ್ನು ಹೊತ್ತೊಯ್ಯುತ್ತದೆ. ಈ ಕೊಳವೆಗಳೊಳಗೂ ಅದೇ ಕತೆ: ದ್ರವವೊಂದು ಆವಿಯಾಗುತ್ತ ಕೋಣೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೊಳವೆ ತಣ್ಣಗಾಗುತ್ತದೆ, ರೆಕ್ಕೆಗಳ ಮೇಲೆ ಇಬ್ಬನಿ ಕೂರುತ್ತದೆ. ಸೆಕೆಯ ನಡುವೆ, ಬಾಗಿಲು ಹಾಕಿದ ಪೆಟ್ಟಿಗೆಯಲ್ಲಿ, ಮಾಗಿಯ ಒಂದು ಮುಂಜಾವು! ಆ ಇಬ್ಬನಿಯ ಮೇಲೆ ಗಾಳಿಯಲ್ಲಿ ತೇಲಿ ಬಂದ ನೂಲು, ಹಪ್ಪಳದ ಹಿಟ್ಟು, ಚಟ್ಲಿಯ ಮೀಸೆಯ ಪುಡಿ ಎಲ್ಲ ಬಂದು ಅಂಟಿ, ಒದ್ದೆಯಲ್ಲಿ ಹುಳಿತು ನಾರುತ್ತವೆ. ಒಣಗಲಿ ಎಂದು ನಾವಿಟ್ಟದ್ದೆಲ್ಲ ಬೇರೊಂದು ಕಡೆ ಒದ್ದೆಯಾಗಿ ಕೂತಿತ್ತು ಅನ್ನಿ.

"ಹ್ವಾಯ್, ಭಾಷಣ ಸಾಕ್. ನೀರ್ ಎಲ್ಲಿಗ್ ಬೀಳತ್ತ್ ಅಂದೇಳಿ ಕಂಡ್ರ್ಯಾ? ಕೆಳ್ಗ್ ಹಾಸ್ಗಿ ಇತ್ತ್!" ಕೆಳಗಿನಿಂದ ಸುಜಾತಾ ಎಚ್ಚರಿಸಿದಳು.

ರಾಘುವಿನ ಹತ್ತಿರ ಇದಕ್ಕೆಂದೇ ದೊಡ್ಡ ಪ್ಲಾಸ್ಟಿಕ್ ಚೀಲವಿದೆ. ನಮ್ಮ ಹತ್ತಿರ ಕೊಡೆಗಳಿವೆ. ನಮ್ಮೂರಿನ ಮನೆಯಲ್ಲಿ ಮನುಷ್ಯರಿಗಿಂತ ಕೊಡೆಗಳು ಹೆಚ್ಚು. ಅವುಗಳಲ್ಲಿ ತೀರ ದೊಡ್ಡದಾದ ಕರಿಯ ಕೊಡೆಯನ್ನು ಬಿಡಿಸಿ, ತಲೆಕೆಳಗು ಮಾಡಿ, ಅದರ ಕೊಕ್ಕೆಯ ಹಿಡಿಯನ್ನು ಮಳೆಗಾಲದಿಂದ ಹಾಗೇ ಉಳಿದಿದ್ದ ಬಟ್ಟೆಯ ಹಗ್ಗಕ್ಕೆ ಸಿಕ್ಕಿಸಿದೆ. ಎ.ಸಿ.ಯ ಕೆಳಗೆ ದೊಡ್ಡ ಬಟ್ಟಲು ತೂಗಿದಂತಾಯಿತು. ಸುಜಾತಾ ಬಾಯಿ ಬಿಟ್ಟು ನೋಡಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿದ್ದು ಅಪರೂಪ.

ಬಲಗಡೆ ವಯರುಗಳಿರುವ ಭಾಗಕ್ಕೆ ಪ್ಲಾಸ್ಟಿಕ್ ಸುತ್ತಿ, ಹಳೆಯ ಪೇಂಟ್ ಬ್ರಶ್ಶಿನಿಂದ ಮೇಲಿನಿಂದ ಕೆಳಕ್ಕೆ ಮೆತ್ತಗೆ ಎಳೆದೆ. ಅಡ್ಡಕ್ಕೆ ಎಳೆದರೆ ರೆಕ್ಕೆಗಳು ಮಡಚಿಹೋಗುತ್ತವೆ. ಕಂಬಳಿ ಸುರುಳಿ ಸುರುಳಿಯಾಗಿ ಬಿತ್ತು. ವಿಡಿಯೊ ನೋಡಿದ ಕೂಡಲೆ ಕುಂದಾಪುರಕ್ಕೆ ಓಡಿ ತಂದಿದ್ದ ನೊರೆಯ ಸ್ಪ್ರೇ ಹೊಡೆದೆ. ಬಿಳಿ ನೊರೆ ಉಬ್ಬಿ, ನೋಡನೋಡುತ್ತ ಕಂದಾಗಿ, ಕಪ್ಪಾಗಿ ಇಳಿಯತೊಡಗಿತು. ಹೂಗಿಡಕ್ಕೆ ನೀರು ಚಿಮುಕಿಸುವ ಬಾಟಲಿಯಿಂದ ತೊಳೆದೆ. ಆಗ ಬಂತು ನೋಡಿ ವಾಸನೆ! ಹೋದ ಮಳೆಗಾಲ ಇಡಿಯಾಗಿ, ಜೂನಿನಿಂದ ಸೆಪ್ಟೆಂಬರಿನವರೆಗೆ, ಕೊಡೆಯೊಳಕ್ಕೆ ಸುರಿಯಿತು. ಸುಜಾತಾ ಮೂಗಿಗೆ ಸೆರಗು ಹಿಡಿದಳು.

"ಅಯ್ಯಬ್ಬ! ಪಾಪ ಹೆಣ್ಣ್! ಇದ್ರಡಿಗ್ ಎರಡ್ ದಿನ ಹ್ಯಾಂಗ್ ಮನ್ಕಂಡಿತೋ!"

ನಾನು ಸ್ಟೂಲಿನ ಮೇಲೆ "ಕಾಣ್, ಕಾಣ್!" ಎಂದು ಕುಣಿಯುತ್ತಿದ್ದೆ. ಕುಣಿದದ್ದಕ್ಕೆ ಶಿಕ್ಷೆಯಾಗಿ ಮೊಣಕೈ ತಾಗಿ ಒಂದು ಮೂಲೆಯ ರೆಕ್ಕೆಗಳು ಬಾಗಿಹೋದವು. ಗ್ಯಾಸು ಸೋರುತ್ತದೆ, ಮನೆಗೆ ಬೆಂಕಿ ಬೀಳುತ್ತದೆ, ಅಳಿಯ ಬಂದು ನೋಡುತ್ತಾನೆ ಎಂದು ಯೋಚನೆ ನಾಗಾಲೋಟದಲ್ಲಿ ಓಡಿತು. ಸುಜಾತಾ ಹಿಡಿಸೂಡಿ ಪೊರಕೆಯಿಂದ ತೆಂಗಿನ ಗರಿಯ ಕಡ್ಡಿಯೊಂದನ್ನು ಎಳೆದು, ತೊಳೆದು ಮೇಲಕ್ಕೆ ಚಾಚಿದಳು. ರೆಕ್ಕೆಯನ್ನು ನೆಟ್ಟಗೆ ಮಾಡುವಷ್ಟು ಗಟ್ಟಿ, ಹರಿಯದಷ್ಟು ಮೃದು. ಒಂದೊಂದೇ ಸಂದಿಗೆ ಇಳಿಸಿ ಎತ್ತುತ್ತ ಬಂದೆ. ಪೂರಾ ನೆಟ್ಟಗಾಗಲಿಲ್ಲ. ಆದರೆ ಉಳಿದದ್ದೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಎದುರು ಬೆಳಕು ಬಿಟ್ಟು, ಮಗಳ ಜವಳಕ್ಕೆ ನೆಂಟರನ್ನು ಕರೆದ ಹಾಗೆ, ಊರಿಗೆಲ್ಲ ಕರೆದು ತೋರಿಸಬೇಕು ಅನ್ನಿಸಿತು.

ಒಣಗಲು ಬಿಟ್ಟು, ಊಟ ಮಾಡಿ, ಫಿಲ್ಟರು ಸಿಕ್ಕಿಸಿ, ಮೇನ್ ಹಾಕಿದೆವು. ತಂಪು ಬಂತು. ವಾಸನೆ? ನಾನು ಮೂಸಿದೆ, ಸುಜಾತಾ ಮೂಸಿದಳು, ಇಬ್ಬರಿಗೂ ಇಲ್ಲ. ಆದರೆ ನಮ್ಮ ಮೂಗುಗಳ ಸಾಕ್ಷಿ ಯಾವ ಕೋರ್ಟಿನಲ್ಲೂ ನಡೆಯುವಂಥದ್ದಲ್ಲ. ತೀರ್ಪು ಕೊಡಬೇಕಾದವಳು ಹಜಾರದಲ್ಲಿ ಬ್ಯಾಗಿನ ಪಕ್ಕ ಕೂತು ಕಾಗದದಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಮಗಾ, ಒಂದ್ಸಲ ಒಳ್ಗ್ ಬಂದ್ ಕಾಣ್" ಎಂದೆ.

ಅಕ್ಷತಾ ಬಂದಳು. ಕೋಣೆಯ ನಡುವೆ ನಿಂತು ಕಣ್ಣು ಮುಚ್ಚಿ ಉಸಿರೆಳೆದಳು. ನಾನು ಉಸಿರು ಬಿಟ್ಟಿರಲಿಲ್ಲ. ಅವಳು ಮಂಚದ ಮೇಲೆ ಕೂತಳು. ಕಾಲು ಮೇಲೆ ಹಾಕಿದಳು. ಎಡಮಗ್ಗುಲಿಗೆ ತಿರುಗಿ ಹೊಟ್ಟೆಯ ಕೆಳಗೊಂದು ದಿಂಬು ಇಟ್ಟುಕೊಂಡಳು. ತೀರ್ಪಿಗಾಗಿ ಬಾಗಿಲ ಹತ್ತಿರ ಕಾದು ನಿಂತವರಿಗೆ ಸ್ವಲ್ಪ ಹೊತ್ತಿಗೆ ಕೇಳಿಸಿದ್ದು ಸಣ್ಣ ಗೊರಕೆ.

ನಾಲ್ಕರ ಸುಮಾರಿಗೆ ಅಳಿಯ ಪ್ರದೀಪನ ಕಾರು ಬಂತು. ಸೆಕೆಯಲ್ಲಿ ಬೆಂದು ಬಂದಿದ್ದ.

"ಬ್ಯಾಗ್ ಎಲ್ಲಿತ್ತ್ ಮಾವ?"

"ಮೆಲ್ಲ ಮಾತಾಡಿ. ಅವ್ಳ್ ಮನ್ಕಂಡಿದ್ಲ್."

ಎಬ್ಬಿಸುತ್ತೇನೆಂದು ಒಳಗೆ ಹೋದವನು ಬಾಗಿಲು ಎಳೆದುಕೊಂಡ. ಬಹಳ ಹೊತ್ತಾದರೂ ಬರಲಿಲ್ಲ. ಸುಜಾತಾ ಇಣುಕಿ ನೋಡಿ ಬಂದು, ನಗು ತಡೆಯಲಾರದೆ, "ಈಗ ಎರಡ್ ಗೊರ್ಕಿ" ಎಂದಳು.

ಸಂಜೆ ಗಂಡಹೆಂಡಿರು ಎದ್ದು ಬಂದರು. ಅಕ್ಷತಾ ಕಾಫಿಗೆ ಏನಿದೆ ಎಂದು ಕೇಳುತ್ತ ಬ್ಯಾಗನ್ನು ಕಾಲಿನಿಂದಲೇ ಕೋಣೆಯ ಕಡೆ ತಳ್ಳಿದಳು. ಪ್ರದೀಪ ಎ.ಸಿ.ಯ ಮುಚ್ಚಳ ಎತ್ತಿ, ಟಾರ್ಚು ಹಾಕಿ ನೋಡಿ, ಬೆರಗಾಗಿ ಬಂದ.

"ಮಾವ, ನಮ್ಮನಿ ಎ.ಸಿ.ದೂ ಒಂದ್ಸಲ ಕಾಣ್ಕಿತ್ತ್. ಅಲ್ಲೂ ಮಳ್ಗಾಲ್ದಗ್ ಬಟ್ಟಿ, ಚಟ್ಲಿ ಎಲ್ಲ ಒಣ್ಸುದೇ, ಈಗೀಗ ಸಣ್ಣ್ ವಾಸ್ನಿ ಸುರು ಆಯ್ತ್. ಈಗ್ಲೇ ಕಾರಂಗ್ ಹೋಪ್ವಾ?"

ಕೈ ತುರಿಸುತ್ತಿತ್ತು. ಬ್ರಶ್ಶು, ಸ್ಪ್ರೇ ಎಲ್ಲ ಸಿದ್ಧವಾಗಿಯೇ ಇದ್ದವು. ಇನ್ನೊಂದು ಕಂಬಳಿ, ಇನ್ನೊಂದು ಮಳೆಗಾಲ! ಒಂದು ಕಾಲು ಚಪ್ಪಲಿಗೂ ಹೋಗಿತ್ತು. ಅಷ್ಟರಲ್ಲಿ, ಕಾಫಿಗೆ ಅವಲಕ್ಕಿ ಕಲಸುತ್ತ ನಿಂತ ಮಗಳು ಕಣ್ಣಿಗೆ ಬಿದ್ದಳು. ಅಲ್ಲಿಯ ವಾಸನೆಯೂ ಹೋದರೆ ಆ ಬ್ಯಾಗು ಮತ್ತೆ ಹೊರಡದೇ? ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

"ಈಗ ಬ್ಯಾಡ ಮಾರಾಯ್ರೆ. ಹೆರ್ಗಿ, ಬಾಣಂತನ ಎಲ್ಲ ಮುಗೀಲಿ. ಮತ್ ಕಾಂಬ" ಎಂದೆ.

ಅಡುಗೆಮನೆಯಿಂದ ಸುಜಾತಾ ನನ್ನನ್ನೇ ನೋಡುತ್ತಿದ್ದಳು. ಪ್ರದೀಪ ಮಾತ್ರ ಬಹಳ ಮರುಕದಿಂದ ಕುರ್ಚಿ ಎಳೆದು ಕೊಟ್ಟ. ಪಾಪ, ಮಾವನಿಗೆ ಸುಸ್ತಾಗಿದೆ ಎಂದುಕೊಂಡಿರಬೇಕು.