‘ಕಂಡಿದ್ದಿಲ್ಲೆ’ ಎಂಬ ಸಾಕ್ಷಿ

ಕಾನೂನು ಕಾಲೇಜಿನಿಂದ ನಿವೃತ್ತಳಾದ ಮೇಲೆ ಸಾಗರದ ಮನೆಯಲ್ಲಿ ನಾನು ಹಚ್ಚಿಕೊಂಡ ಕೆಲಸ ಒಂದೇ. ಹೊಸದಾಗಿ ಸಂಶೋಧನೆಗೆ ಇಳಿದವರ ಲೇಖನ ಓದಿ, ತಿದ್ದಿಸಿ, ಯಾವ ಪತ್ರಿಕೆಗೆ ಕಳಿಸಬಹುದೆಂದು ಹೇಳುವುದು. ಈಚೆಗೆ ಬರುವುದೆಲ್ಲ ಅಪರಾಧ, ಕಾನೂನು ಮತ್ತು ಕೃತಕ ಬುದ್ಧಿಮತ್ತೆಯ ಮೇಲೆ. ಹೆಚ್ಚಿನವರು ಯಾವುದೋ ಹೊರದೇಶದ ತೀರ್ಪನ್ನು ಇನ್ನೊಬ್ಬರು ವಿವರಿಸಿದ್ದನ್ನೇ ಮತ್ತೊಮ್ಮೆ ವಿವರಿಸಿರುತ್ತಾರೆ. ಅಂಥವು ಸಲೀಸಾಗಿ ಅಚ್ಚಾಗುತ್ತವೆ. ಮೇಳಿಗೆಯ ಹುಡುಗಿಯೊಬ್ಬಳ ಲೇಖನ ಅಚ್ಚಾಗಲು ಪಟ್ಟ ಪಾಡು ನೆನೆದರೆ ಮಾತ್ರ ಈಗಲೂ ಮೈ ಉರಿಯುತ್ತದೆ.

ಅವಳು ತೀರ್ಥಹಳ್ಳಿಯಲ್ಲಿ ಅತಿಥಿ ಉಪನ್ಯಾಸಕಿ. ಬಿಡುವಿದ್ದಾಗಲೆಲ್ಲ ಬಸ್ಸು ಹತ್ತಿ ಸುತ್ತಲಿನ ಕೋರ್ಟುಗಳಿಗೆ ಹೋಗಿ ಕಲಾಪ ನೋಡುತ್ತಿದ್ದಳು. ಹಾಗೆ ಒಂದು ಕೋರ್ಟಿನಲ್ಲಿ ಕಳವಿನ ಪ್ರಕರಣವೊಂದು ಅವಳ ಕಣ್ಣಿಗೆ ಬಿತ್ತು. ಹಳ್ಳಿಯ ಸಮುದಾಯ ಭವನದಿಂದ ತಾಮ್ರದ ಹಂಡೆಗಳು ಕಾಣೆಯಾಗಿದ್ದವು. ಅಲ್ಲಿ ಬಣ್ಣ ಬಳಿಯಲು ಬಂದಿದ್ದ ಕೆಲಸಗಾರನ ಮೇಲೆ ಅನುಮಾನ ಬಂತು. ಪಕ್ಕದ ಮನೆಯ ವಯಸ್ಸಾದ ಹೆಂಗಸನ್ನು ಪೊಲೀಸರು ಕೇಳಿದರು. ಅವರು ತಮ್ಮ ಮನೆಮಾತಿನಲ್ಲಿ, “ಆನು ಅವನ್ನ ಕಂಡಿದ್ದಿಲ್ಲೆ” ಎಂದರು. ಅಂದರೆ, ನಾನು ಅವನನ್ನು ನೋಡಿಲ್ಲ.

ಆ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮಾತನ್ನು ಬರಹ ಮಾಡುವ ತಂತ್ರಾಂಶಕ್ಕೆ ಹಾಕಲಾಯಿತು. ಅದು ಬರೆದದ್ದು: “ನಾನು ಅವನನ್ನು ಕಂಡಿದ್ದು ಇಲ್ಲೇ.” ಆ ಮನೆಮಾತಿನಲ್ಲಿ ‘ಇಲ್ಲ’ ಎಂಬರ್ಥದ ‘ಇಲ್ಲೆ’ ಯಂತ್ರಕ್ಕೆ ‘ಈ ಜಾಗದಲ್ಲೇ’ ಆಯಿತು. ಪೊಲೀಸರ ಮುಂದಿನ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಹಾಗಾಗಿ ಅದನ್ನು ಅವರಿಗೆ ಓದಿ ಹೇಳುವ ತೊಂದರೆಯನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಧ್ವನಿಮುದ್ರಣವನ್ನೂ ಉಳಿಸಲಿಲ್ಲ. ಜಾಮೀನು ಸಿಗುವವರೆಗೆ ಆ ಕೆಲಸಗಾರ ಜೈಲಿನಲ್ಲಿದ್ದ. ವಿಚಾರಣೆಯಲ್ಲಿ ಹೆಂಗಸು ಮತ್ತೆ ನೋಡಿಲ್ಲವೆಂದಾಗ, ಹೇಳಿಕೆ ಬದಲಿಸಿದ್ದಾರೆಂದು ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲು ಕೇಳಿದರು. ಕೋರ್ಟು ಒಪ್ಪಿತು. ಬೇರೆ ಸಾಕ್ಷ್ಯವಿಲ್ಲದೆ ಕೆಲಸಗಾರ ಬಿಡುಗಡೆಯಾದ. ಹೆಂಗಸಿನ ಮೇಲಿನ ಮಸಿ ಮಾತ್ರ ಹಾಗೇ ಉಳಿಯಿತು.

ನಾನೂ ಹುಡುಗಿಯೂ ಹೊಸನಗರದಲ್ಲಿ ಬಸ್ಸು ಬದಲಿಸಿ ಅವರ ಮನೆಗೆ ಹೋದೆವು. ನನ್ನದೂ ಅದೇ ಮನೆಮಾತೆಂದು ತಿಳಿದ ಮೇಲೆ ಅವರು ಬಾಯಿ ಬಿಟ್ಟರು.

“ಊರವೆಲ್ಲ ಎಂತ ಹೇಳ್ತ ಗೊತ್ತಿದ್ದಾ ತಂಗಿ? ದುಡ್ಡು ತಗಂಡು ಮಾತು ತಿರುಗ್ಸಿದ್ದು ಹೇಳ್ತ. ಸುಳ್ಳು ಹೇಳಿ ಎಂಗೆಂತ ಆಗವು?” ಸುಳ್ಳು ಹೇಳಿ ತಮಗೇನಾಗಬೇಕಿದೆ ಎಂಬುದು ಅವರ ಪ್ರಶ್ನೆ.

ಅವರ ಒಪ್ಪಿಗೆ ಪಡೆದು ಹುಡುಗಿ ಅದೇ ವಾಕ್ಯವನ್ನು ಅವರ ಬಾಯಲ್ಲಿ ಮತ್ತೆ ಹೇಳಿಸಿ, ಅಂಥದೇ ತಂತ್ರಾಂಶಕ್ಕೆ ಹಾಕಿದಳು. ಮತ್ತೆ ‘ಇಲ್ಲೇ’ ಎಂದೇ ಬಂತು. ಪರದೆಯ ಮೇಲಿದ್ದುದನ್ನು ನಾನು ಓದಿ ಹೇಳಿದಾಗ ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡರು.

ಲೇಖನ ಚೆನ್ನಾಗಿ ಬಂತು. ಸಾಕ್ಷಿಯ ಹೇಳಿಕೆ ಬರೆದುಕೊಳ್ಳಲು ಯಂತ್ರ ಬಳಸಿದರೆ ಧ್ವನಿಮುದ್ರಣ ಉಳಿಸಬೇಕು, ಬರಹವನ್ನು ಸಾಕ್ಷಿಗೆ ಅವರದೇ ಮಾತಿನಲ್ಲಿ ಓದಿ ಹೇಳಬೇಕು ಎಂಬುದು ಅದರ ವಾದ. ದೊಡ್ಡ ಊರಿನ ಹೆಸರಾಂತ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಕಳಿಸಿದೆವು. ತಿಂಗಳುಗಟ್ಟಲೆ ಕಾದ ಮೇಲೆ ಪರಿಶೀಲಕರ ಅಭಿಪ್ರಾಯ ಬಂತು: ಕನ್ನಡದ ಸಾಲುಗಳನ್ನು ತೆಗೆದು ಇಂಗ್ಲಿಷ್ ಅನುವಾದವನ್ನಷ್ಟೇ ಇಡಿ.

“ತೆಗೀಬೇಡ,” ಎಂದೆ. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. “ಅಚ್ಚಾಗ್ದಿದ್ರೆ ನನ್ನ ಥೀಸಿಸ್ ನಿಂತೋಗುತ್ತೆ ಮೇಡಂ. ಅವ್ರು ಹೇಳಿದ್ ಹಾಗೆ ಮಾಡ್ತೀನಿ,” ಎಂದು ತೆಗೆದಳು.

ಎರಡನೇ ಸಲ ಬಂದ ಅಭಿಪ್ರಾಯ ಓದಿ ನಾನು ಕುರ್ಚಿಯಿಂದ ಎದ್ದೇ ನಿಂತೆ. ‘ನೋಡಿಲ್ಲ’ ಎಂಬುದಕ್ಕೂ ‘ಇಲ್ಲೇ ನೋಡಿದೆ’ ಎಂಬುದಕ್ಕೂ ಯಾವ ಹೋಲಿಕೆಯೂ ಇಲ್ಲ, ಯಂತ್ರ ಇಂಥ ತಪ್ಪು ಮಾಡಿತೆಂಬುದು ನಂಬಲಾಗದ ಮಾತು, ಲೇಖಕಿ ಉತ್ಪ್ರೇಕ್ಷೆ ಮಾಡಿದ್ದಾರೆ ಎಂದು ಬರೆದಿತ್ತು. ಆಧಾರವನ್ನು ತೆಗೆಸಿದವರೇ ಈಗ ಆಧಾರವಿಲ್ಲ ಎನ್ನುತ್ತಿದ್ದರು. ಆ ಹೆಂಗಸನ್ನು ಕೋರ್ಟಿನಲ್ಲಿ ಸುಳ್ಳಿ ಮಾಡಿದ್ದಾಯಿತು, ಈಗ ಅವರ ಪರವಾಗಿ ಬರೆದವಳ ಸರದಿ.

ಸಂಪಾದಕರಿಗೆ ಫೋನ್ ಮಾಡಿದೆ. ಅವರು ಕನ್ನಡದವರೇ, ಮಾತು ನಯವಾಗಿತ್ತು.

“ನಮ್ಮ ಓದುಗರು ಅಂತಾರಾಷ್ಟ್ರೀಯ ಮಟ್ಟದವರು ಮೇಡಂ. ಒಂದು ಮೂಲೆಯ ಉಪಭಾಷೆ ಅವರಿಗೆ ಯಾಕೆ?”

“ಆ ಮೂಲೆಯಲ್ಲೂ ಜೈಲಿಗೆ ಹಾಕ್ತಾರಲ್ಲ ಸರ್,” ಎಂದೆ.

ಅವರು ನಕ್ಕರು. “ಒಂದು ಕೆಲಸ ಮಾಡಿ. ನಿಮ್ಮ ಹೆಸರನ್ನು ಮೊದಲ ಲೇಖಕಿಯಾಗಿ ಹಾಕಿ. ಹಿರಿಯರ ಹೆಸರಿದ್ದರೆ ಪರಿಶೀಲಕರನ್ನು ಒಪ್ಪಿಸೋದು ಸುಲಭ.”

ನಾನು ಒಂದು ಸಾಲನ್ನೂ ಬರೆಯದ ಲೇಖನ ಅದು. ಹುಡುಗಿ ಬರೆದರೆ ಉತ್ಪ್ರೇಕ್ಷೆ, ನನ್ನ ಹೆಸರು ಅಂಟಿಸಿದರೆ ಸಂಶೋಧನೆ. ನಾನೇನು ಹೇಳಿದೆನೋ ಪೂರ್ತಿ ನೆನಪಿಲ್ಲ. ಮರ್ಯಾದೆಯ ಮಾತಂತೂ ಆಗಿರಲಿಲ್ಲ.

ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಹುಡುಗಿ ಮೆಲ್ಲಗೆ, “ನಿಮ್ಮ ಹೆಸರು ಹಾಕಣ ಮೇಡಂ. ನಂಗೇನೂ ಬೇಜಾರಿಲ್ಲ,” ಎಂದಳು.

“ನಂಗಿದೆ. ಕಷ್ಟಪಟ್ಟೋಳು ನೀನು. ನನ್ನ ಹೆಸರು ಹಾಕಿದ್ರೆ ನಾಳೆ ನಿನ್ನನ್ನ ಯಾರು ನಂಬ್ತಾರೆ?”

ಆ ದಿನ ಅವಳು ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿದಳು. ನಾನು ಜೋರಾಗಿ ಮಾತಾಡಿ ಅವಳ ದಾರಿ ಮುಚ್ಚಿದೆನೇನೋ ಎಂದು ಕಳವಳವಾಯಿತು. ಎರಡು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. “ಲೇಖನ ವಾಪಸ್ ತಗೊಂಡೆ ಮೇಡಂ. ಕನ್ನಡ ಸಾಲೆಲ್ಲ ತಿರುಗಾ ಸೇರ್ಸಿದೀನಿ. ಬೇರೆ ಕಡೆ ನೋಡಣ.”

ಪಕ್ಕದ ರಾಜ್ಯದ ಸಣ್ಣ ಪತ್ರಿಕೆಯೊಂದು ಅದನ್ನು ತೆಗೆದುಕೊಂಡಿತು. ಅಲ್ಲಿಯ ಸಂಪಾದಕಿಗೆ ಕನ್ನಡ ಬಾರದು. ಆದರೂ ಪ್ರತಿ ಸಾಲಿನ ಕೆಳಗೆ ಪದಪದದ ಅರ್ಥ ಬರೆಯಿಸಿಕೊಂಡು, ಕನ್ನಡ ಲಿಪಿಯಲ್ಲೇ ಅಚ್ಚು ಮಾಡಿಸಿದರು. ಬಾರದ ಭಾಷೆಗೆ ಅವರು ಕೊಟ್ಟ ಗೌರವವನ್ನು ನಮ್ಮವರೇ ಕೊಡಲಿಲ್ಲವಲ್ಲ ಎಂದು ನನ್ನ ಸಿಟ್ಟು ಇಮ್ಮಡಿಯಾಯಿತು.

ಸಂಚಿಕೆ ಹಿಡಿದು ನಾವು ಮತ್ತೆ ಆ ಹಳ್ಳಿಗೆ ಹೋದೆವು. ಹುಡುಗಿ ತನ್ನ ಲೇಖನದ ಸಾರವನ್ನು ಕನ್ನಡದಲ್ಲಿ ಹೇಳಿದಳು. ಅಚ್ಚಾದ ತಮ್ಮ ಮಾತಿನ ಮೇಲೆ ಆ ಹೆಂಗಸು ಬೆರಳಾಡಿಸಿದರು.

“ಇದನ್ನ ಆ ಜಡ್ಜ್ ಓದ್ತ್ರಾ?” ಎಂದು ಕೇಳಿದರು.

“ಗೊತ್ತಿಲ್ಲಮ್ಮ,” ಎಂದಳು ಹುಡುಗಿ.

“ಕೋರ್ಟಿನ ಕಾಗದದಲ್ಲಿ ಈಗ ಎಂತ ಇದ್ದು?”

ಉತ್ತರ ಕೊಡಬೇಕಾದವಳು ನಾನು, ಕಾನೂನು ಕಲಿಸಿದವಳು. “ಮೊದ್ಲು ಬರದ್ದೇ ಇದ್ದು,” ಎಂದೆ.

ಅವರು ಸಂಚಿಕೆಯನ್ನು ಮಡಿಲಲ್ಲಿಟ್ಟುಕೊಂಡು, “ಇದೊಂದು ಇಲ್ಲೇ ಇರ್ಲಿ. ಮನೆಗೆ ಬಂದವಕ್ಕೆ ಆನು ತೋರ್ಸ್ತಿ,” ಎಂದರು.