ಫ್ರೆಶ್ ಎನ್ನುವ ಮಾತು

ನೂರಿಪ್ಪತ್ತು ರೂಪಾಯಿ ಕೊಟ್ಟೆ. ಉಡುಪಿಯ ಹಳೆಪುಸ್ತಕದವನು ಹೇಳಿದ್ದು ಇನ್ನೂರು. ರಟ್ಟು ಕಿತ್ತುಹೋದ ಇಂಗ್ಲಿಷ್ ನಿಘಂಟಿಗೆ ಅಷ್ಟು ಸಾಕು. ನಮ್ಮ ಹೋಟೆಲಿನ ಹೊಸ ಮೆನುಕಾರ್ಡು ಅಚ್ಚಿಗೆ ಹೋಗುವುದಿತ್ತು. ಅದರಲ್ಲಿ ಲಿಂಬೆ ಶರಬತ್ತೂ ಫ್ರೆಶ್, ಮೀನೂ ಫ್ರೆಶ್. ಇಷ್ಟು ವರ್ಷ ಆ ಮಾತನ್ನು ಮಾರಿ ಉಂಡವನಿಗೆ ಅದರ ಹುಟ್ಟೂರು ಗೊತ್ತಿಲ್ಲದಿದ್ದರೆ ಹೇಗೆ?

ನೋಡಿದರೆ, ಹಿಂದೆ ಅದರ ಅರ್ಥ ‘ಉಪ್ಪಿಲ್ಲದ್ದು’ ಎಂದಿತ್ತಂತೆ. ಕಡಲಿನದಲ್ಲ, ಹೊಳೆಯ ನೀರು. ಉಪ್ಪು ಹಾಕಿಡದ ಮೀನು, ಮಾಂಸ. ಬರಬರುತ್ತ ಆಗಷ್ಟೇ ಬಂದದ್ದಕ್ಕೆಲ್ಲ ಅದೇ ಹೆಸರಾಯಿತು. ಈಗ ಮುಖ ತೊಳೆದು ಬಂದವನೂ ಫ್ರೆಶ್, ಐಸಿನಲ್ಲಿ ವಾರ ಮಲಗಿದ ಮೀನೂ ಫ್ರೆಶ್. ಓದುತ್ತಿದ್ದಂತೆ ಎರ್ಮಾಳಿನ ಗುಲಾಬಿಯಕ್ಕನ ನೆನಪಾಯಿತು.

ಅವರು ಕಾಪುವಿನ ಮಾರ್ಕೆಟಿನಲ್ಲಿ ಮೀನು ಮಾರುತ್ತಿದ್ದರು. ಬೆಳಗಿನ ಮೊದಲ ಗಿರಾಕಿ, ಅಂದರೆ ಬೋಣಿಯವನು, ಬರಿಗೈಲಿ ಹೋಗಬಾರದೆಂಬುದು ಅಲ್ಲಿಯ ನಂಬಿಕೆ. ಆದ್ದರಿಂದ ನಾನು ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದೆ. ರೇಟು ಇಳಿಸಲು ಅದಕ್ಕಿಂತ ಸುಲಭದ ದಾರಿ ನನಗಿನ್ನೂ ಸಿಕ್ಕಿಲ್ಲ.

ಮಣಿಪಾಲದಲ್ಲಿ ನನ್ನ ಮೀನೂಟದ ಹೋಟೆಲು ತೆರೆಯುವ ದಿನವೂ ಹಾಗೇ ಹೋದೆ. ಕಾರ್ಕಳದ ಗೂಡಂಗಡಿ ಮಾರಿ ಹಾಕಿದ ಬಂಡವಾಳ. ಮೊದಲ ಊಟ ಕೆಟ್ಟರೆ ಎರಡನೆಯದಕ್ಕೆ ಯಾರು ಬರುತ್ತಾರೆ? ದೊಡ್ಡ ಅಂಜಲ್ ಮೀನುಗಳನ್ನು ತೋರಿಸಿ ಅರ್ಧ ರೇಟು ಹೇಳಿದೆ. ಅಕ್ಕ ಬುಟ್ಟಿಗೆ ಕೈ ಅಡ್ಡ ಇಟ್ಟರು.

“ಇದು ನಿಮಗೆ ಬೇಡ ಮಾರಾಯ್ರೆ. ಐಸಿನದ್ದು.”

“ಅಡ್ಡಿಲ್ಲ ಅಕ್ಕ, ಮಸಾಲೆ ಹಚ್ಚಿದರೆ ಯಾರಿಗೆ ಗೊತ್ತಾಗ್ತದೆ?”

“ಬೋರ್ಡಿನಲ್ಲಿ ಫ್ರೆಶ್ ಅಂತ ಬರೆಸಿದ್ದೀರಂತೆ, ಅಲ್ವಾ? ಹೊರಗೆ ಬರೆದದ್ದು ತಟ್ಟೆಯಲ್ಲಿ ಬೇಡ್ವಾ?” ಎನ್ನುತ್ತ ಹಿಂದಿನ ಬುಟ್ಟಿ ಎಳೆದರು. ದಡದ ಬಲೆಗೆ ಆಗಷ್ಟೇ ಬಿದ್ದ ಬೂತಾಯಿ, ಗೇಣುದ್ದವೂ ಇಲ್ಲದ ಅಗ್ಗದ ಮೀನು, ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. “ಇದುಂಟು ನೋಡಿ. ಇವತ್ತು ನಾನು ಮನೆಗೆ ಒಯ್ಯುವುದು ಇದನ್ನೇ.”

“ಮೊದಲ ದಿನವೇ ಬೂತಾಯಿಯಾ? ಮಣಿಪಾಲದವರು ಮುಳ್ಳು ತೆಗೀತಾ ಕೂತಾರು!”

“ಕೂರಲಿ. ಕೂತವರು ಇನ್ನೊಂದು ತಟ್ಟೆ ಹೇಳ್ತಾರೆ.”

ಬೋಣಿಯವನಾದ ನಾನೂ ಬರಿಗೈಲಿ ಹೋಗುವಂತಿರಲಿಲ್ಲವಲ್ಲ. ಹುಳಿ, ಮೆಣಸು ಅರೆದು ಹಾಕಿ ಬೂತಾಯಿ ಪುಳಿಮುಂಚಿ ಮಾಡಿಸಿದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಪಾತ್ರೆ ಖಾಲಿ. ಅಡುಗೆಯವನಿಗೂ ನನಗೂ ಉಳಿದದ್ದು ಗಂಜಿ, ಉಪ್ಪಿನಕಾಯಿ. ಅಷ್ಟು ರುಚಿಯ ಗಂಜಿಯನ್ನು ನಾನು ಮತ್ತೆ ಉಂಡಿಲ್ಲ.

ಮೆನುಕಾರ್ಡಿನಲ್ಲಿ ಮೀನಿನ ಮುಂದಿದ್ದ ಆ ಮಾತನ್ನು ನಿನ್ನೆ ಹೊಡೆದುಹಾಕಿದೆ. ಇವತ್ತು ಯಾವ ಮೀನು ಬಂದಿದೆಯೆಂದು ಬಾಗಿಲ ಹಲಗೆಯ ಮೇಲೆ ಬರೆದರೆ ಸಾಕು. ನೀವೂ ಮಾರ್ಕೆಟಿನಲ್ಲಿ “ಫ್ರೆಶ್ಶಾ?” ಎಂದು ಕೇಳಬೇಡಿ, ಅಲ್ಲ ಎಂದವರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. “ಅಕ್ಕಾ, ಇವತ್ತು ನಿಮ್ಮ ಮನೆಗೆ ಯಾವುದು?” ಎಂದು ಕೇಳಿ. ಅದನ್ನೇ ಬುಟ್ಟಿಯಿಂದ ಎತ್ತಿಸಿ. ಚೌಕಾಶಿ ಆಮೇಲೆ ಮಾಡಿದರಾಯಿತು.