ಕಡಲ ಬಂಡೆಯಲ್ಲಿ ಅವ್ವ ಕಳೆ ಕಿತ್ತದ್ದು

ಎಂ.ಎಸ್ಸಿ. ಕೊನೆಯ ವರ್ಷ ನಾನು ಕಡಲ ಬಂಡೆಗಳ ಮೇಲೆ ಗಿಡದ ಹಾಗೆ ಬೆಳೆಯುವ ಕಂದು ಪಾಚಿಯ ಬೆನ್ನು ಹತ್ತಿದ್ದೆ. ಕೊಳ್ಳೇಗಾಲದ ಕಡೆಯ ಬಂಡಳ್ಳಿಯವಳಿಗೆ ಕಡಲ ಉಸಾಬರಿ ಯಾಕೆ ಎಂದು ಕೇಳದವರಿಲ್ಲ. ಒಂದು ಕಡೆ ಕೂತು ಓದುವ ಜಾಯಮಾನ ನನ್ನದಲ್ಲ, ಅಷ್ಟೇ. ಕಾರವಾರದ ಕಡೆ ಕೋಣೆ ಹಿಡಿದು, ನೀರು ಇಳಿಯುವುದನ್ನೇ ಕಾದು ಬಂಡೆಗೆ ಓಡುತ್ತಿದ್ದೆ. ನಾಲ್ಕು ಚೌಕ ಗುರುತು ಮಾಡಿ, ಒಂದೊಂದರಲ್ಲೂ ಕೆಲವು ಗಿಡಗಳಿಗೆ ಕೆಂಪು ದಾರ ಕಟ್ಟಿದ್ದೆ. ಒತ್ತೊತ್ತಾದ ಗುಂಪಿನಲ್ಲಿ ಅವು ಹೇಗೆ ಬೆಳೆಯುತ್ತವೆ ಎಂದು ವಾರವಾರವೂ ಅಳೆಯಬೇಕು. ನನ್ನ ಡಿಗ್ರಿ ಅದರ ಮೇಲೆ ನಿಂತಿತ್ತು.

ಡಿಸೆಂಬರಿನಲ್ಲಿ ಅವ್ವ ರಾಗಿಹಿಟ್ಟು ಕಟ್ಟಿಕೊಂಡು, ಬಸ್ಸಿಂದ ಬಸ್ಸಿಗೆ ಹತ್ತಿ ಬಂದಳು. ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಓದಿಸಿದವಳು ಅವಳು. ಬಂಡೆಗೆ ಕರೆದುಕೊಂಡು ಹೋದೆ. "ದಾರ ಕಟ್ಟಿರೋವು ನನ್ನವು, ಮುಟ್ಬ್ಯಾಡ" ಎಂದು ಹೇಳಿ ಆಚೆ ಬಂಡೆಯ ಚೌಕಗಳನ್ನು ಅಳೆಯಲು ಹೋದೆ.

ತಿರುಗಿ ಬರುವಷ್ಟರಲ್ಲಿ ಎರಡು ಚೌಕ ಬೋಳಾಗಿದ್ದವು. ದಾರದ ಗಿಡಗಳು ಮಾತ್ರ ನಿಂತಿದ್ದವು, ಮಿಕ್ಕವು ಪಕ್ಕದಲ್ಲಿ ಗುಡ್ಡೆ. ಅವ್ವನ ಬೆರಳು ತರಚಿ ರಕ್ತ ಬಂದಿತ್ತು, ಮುಖದಲ್ಲಿ ನಗು.

"ನಿನ್ ಗಿಡ್ಕೆ ಉಸುರಾಡಕ್ಕೂ ಜಾಗ ಇರ್ನಿಲ್ಲ ಕಣಮ್ಮಿ. ಒಂದ್ ಬೇರೂ ಇಲ್ಲ, ಆದ್ರೂ ಬಂಡೆಗೆ ಎಂಗ್ ಅಂಟ್ಕಂಡವೆ ಅಂತೀಯಾ!"

"ಯಾರ್ ಕೇಳುದ್ರು ನಿನ್ನ? ಕಂಡಿದ್ದೆಲ್ಲ ನಿನ್ ರಾಗಿ ಹೊಲ ಅನ್ಕಂಡಿದ್ದೀಯಾ? ನನ್ ಓದೇ ಹಾಳ್ ಮಾಡ್ಬುಟ್ಟಲ್ಲ!" ಎಂದು ಕೂಗಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮಾರನೆಯ ಬೆಳಿಗ್ಗೆ ಅವ್ವ ಊರಿನ ಬಸ್ಸು ಹತ್ತಿದಳು.

ಆಮೇಲೆ ನಡೆದದ್ದೇ ಬೇರೆ. ಬೋಳು ಚೌಕದ ಗಿಡಗಳು ನೀರಿಳಿದಾಗ ಬಿಸಿಲಿಗೆ ಸಿಕ್ಕಿ ತುದಿಯಿಂದ ಬಿಳಿಚಿಕೊಂಡವು. ಗುಂಪಿನಲ್ಲಿದ್ದವು ಒಂದರ ಮೇಲೊಂದು ಬಿದ್ದುಕೊಂಡು ಒದ್ದೆಯಾಗಿಯೇ ಉಳಿದವು. ಹೊಲದ ನ್ಯಾಯ ಬಂಡೆಗೆ ನಡೆಯದು ಎಂಬುದು ನನಗೆ ಗೊತ್ತಾದದ್ದು ಹಾಗೆ. ನನ್ನ ಪ್ರಾಜೆಕ್ಟಿನ ಗೈಡ್ ಇದನ್ನು ನೋಡಿ ಖುಷಿಯಾಗಿ, "ಎರಡು ಚೌಕ ಬೋಳು ಮಾಡಿದ್ದು ಯಾರ ಐಡಿಯಾ?" ಎಂದು ಕೇಳಿದರು.

"ನಂದೇ ಸಾರ್" ಎಂದೆ. ಒಳ್ಳೆಯ ಅಂಕ ಬಂದದ್ದೂ ಆ ಭಾಗಕ್ಕೇ.

ಈಗ ಕೊಳ್ಳೇಗಾಲದ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮಗಳು ದುಡಿಯುತ್ತಾಳೆಂದು ಅವ್ವ ಕೂಲಿ ಬಿಟ್ಟಳು ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ. ಅವಳು ಬಂಡಳ್ಳಿಯಿಂದ ನನ್ನ ಮನೆಗೆ ಬಂದಾಗಲೆಲ್ಲ "ಈ ಸೊಪ್ಪು ಬಿಡುಸ್ಲಾ? ಈ ಪಾತ್ರೆ ಎತ್ತಿಡ್ಲಾ?" ಎಂದು ಕೇಳಿ ಕೇಳಿ ಮುಟ್ಟುತ್ತಾಳೆ. ಆ ಕೇಳುವಿಕೆ ನನಗೆ ತಡೆಯಲಾಗುವುದಿಲ್ಲ. ಅಡುಗೆಮನೆಗೂ ಬಾಗಿಲಿಗೂ ಓಡಾಡುತ್ತೇನೆ, ಇವತ್ತು ಹೇಳೇಬಿಡಬೇಕು ಅಂದುಕೊಳ್ಳುತ್ತೇನೆ. ಅಷ್ಟರಲ್ಲಿ ಅವಳ ಬಸ್ಸಿನ ಹೊತ್ತಾಗುತ್ತದೆ.

ಹೋದ ಭಾನುವಾರ ನಿಂತುಕೊಂಡೇ ಎಲ್ಲ ಹೇಳಿದೆ, ಗೈಡ್ ಹತ್ತಿರ ಆಡಿದ ಸುಳ್ಳನ್ನೂ. ಬೈಯುತ್ತಾಳೆಂದು ಕಾದೆ.

"ಅಂಗಾರೆ ನಾನು ನಿನ್ ಓದು ಕೆಡುಸ್ನಿಲ್ವಾ?"

"ಇಲ್ಲ ಕಣವ್ವ. ನಿನ್ನಿಂದ್ಲೇ ಪಾಸಾದೆ."

ಅವ್ವ ತನ್ನ ಕೈಗಳನ್ನೇ ನೋಡಿಕೊಂಡಳು.

"ಆಗ್ಲೇ ಒಂದ್ ಮಾತು ಯೋಳ್ಬಾರ್ದಾಗಿತ್ತಾ ಮಗ? ಅವತ್ತಿಂದ ನಾನು ಯಾರ್ ಹೊಲ್ದಲ್ಲೂ ಒಂದ್ ಕಳೆನೂ ಕಿತ್ತಿಲ್ಲ. ಬಗ್ಗುದ್ರೆ ಸಾಕು, ಯಾವ್ದು ಪೈರೋ ಯಾವ್ದು ಕಳೆಯೋ ಅಂತ ಗೊತ್ತಾಗ್ದೆ ಎದ್ ಬಂದ್ಬುಡ್ತಿದ್ದೆ."